ಹೊಸ ಟೈರ್ ಹಾಕಿಸುವ ಮೊದಲು ಹಳೇ ಟೈರ್ ಏನು ಹೇಳುತ್ತಿದೆ ನೋಡಿ

ನನ್ನ ಕಾರಿನ ದೋಷ ಹೀಗಿತ್ತು. ತುಮಕೂರಿನಿಂದ ಬೆಂಗಳೂರು ಕಡೆ ಹೊರಟು, ಕ್ಯಾತ್ಸಂದ್ರ ದಾಟಿ ವೇಗ ಏರಿಸಿದರೆ 75ರವರೆಗೆ ಗಾಡಿ ತೆಪ್ಪಗಿರುತ್ತಿತ್ತು. 80 ಮುಟ್ಟಿದ ಕೂಡಲೇ ಸ್ಟೇರಿಂಗ್ ನಡುಗಲು ಶುರು. 90ಕ್ಕೆ ಅಂಗೈ ಜುಮ್ಮೆನ್ನುವಷ್ಟು. 100ರ ಹತ್ತಿರ ಹೋದರೆ ಸ್ವಲ್ಪ ಕಮ್ಮಿ. ಮತ್ತೆ 70ಕ್ಕೆ ಇಳಿಸಿದರೆ ಏನೂ ಆಗೇ ಇಲ್ಲವೆಂಬಂತೆ ಸುಮ್ಮನಾಗುತ್ತಿತ್ತು.

ಇದಕ್ಕೆ ನಾನು ಮಾಡಿಸಿದ್ದು ಎರಡು ಸಲ ಅಲೈನ್‌ಮೆಂಟ್, ಒಂದು ಸಲ ಬ್ಯಾಲೆನ್ಸಿಂಗ್, ಕೊನೆಗೆ ಮುಂದಿನ ಎರಡೂ ಟೈರ್ ಹೊಸದು. ಹೊಸ ಟೈರ್ ಹಾಕಿಸಿಕೊಂಡು ಅದೇ ರಸ್ತೆಗೆ ಹೋದೆ. 80ಕ್ಕೆ ಅದೇ ನಡುಕ. ಪಕ್ಕದಲ್ಲಿ ಕೂತಿದ್ದ ಹೆಂಡತಿ ಏನೂ ಅನ್ನಲಿಲ್ಲ. ಕಿಟಕಿ ಕಡೆ ತಿರುಗಿ ಕೂತಳು, ಅಷ್ಟೇ.

ಆಮೇಲೆ ಹೋದ ಅಂಗಡಿಯಲ್ಲಿ ಯಜಮಾನರು ಕೇಳಿದ ಮೊದಲ ಪ್ರಶ್ನೆ, "ಹಳೇ ಟೈರ್ ಎಲ್ಲಿ ಸಾರ್?" ಎಕ್ಸ್‌ಚೇಂಜ್‌ಗೆ ಕೊಟ್ಟುಬಿಟ್ಟೆ ಅಂದೆ. ಅವರು ತಲೆ ಆಡಿಸಿದ ರೀತಿ ನೋಡಿದರೆ ಪೊಲೀಸರಿಗಿಂತ ಮೊದಲೇ ಸಾಕ್ಷಿ ಅಳಿಸಿಬಿಟ್ಟೆನೇನೋ ಅನ್ನಿಸಿತು. ನಿಜಕ್ಕೂ ಹಾಗೇ ಆಗಿತ್ತು. ಗಾಡಿಗೆ ಏನಾಗಿದೆ ಅನ್ನೋದು ಟೈರ್ ಮೇಲೆ ಬರೆದಿರುತ್ತದೆ. ಅದನ್ನು ಓದದೆ ಟೈರ್ ಬದಲಿಸಿದರೆ ಹೊಸ ಟೈರೂ ಅದೇ ರೋಗ ಹತ್ತಿಸಿಕೊಳ್ಳುತ್ತದೆ. ಆದ್ದರಿಂದ ಯಾವ ಲಕ್ಷಣಕ್ಕೆ ಏನು ನೋಡಬೇಕು, ಯಾವುದಕ್ಕೆ ದುಡ್ಡು ಬಿಚ್ಚಬೇಕು, ಯಾರ ಹತ್ತಿರ ಹೋಗಬೇಕು ಅನ್ನುವುದನ್ನು ನಾನು ಮಾಡಬೇಕಿದ್ದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಗಾಳಿ

ನಗಬೇಡಿ. ಎಳೆತ, ನಡುಕ, ಸದ್ದು, ಯಾವ ದೂರಿದ್ದರೂ ಗಾಳಿ ನೋಡದೆ ಮುಂದಕ್ಕೆ ಹೋಗಬೇಡಿ. ಬೆಳಿಗ್ಗೆ ಗಾಡಿ ತೆಗೆಯುವ ಮೊದಲೇ ನೋಡಬೇಕು. ಓಡಿಸಿದ ಮೇಲೆ ಟೈರ್ ಬಿಸಿಯಾಗುತ್ತದೆ. ಸುಮಾರು 5-6 ಡಿಗ್ರಿ ಬಿಸಿ ಏರಿದರೆ ಒಂದು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಜಾಸ್ತಿ ತೋರಿಸುತ್ತದೆ. ಮಧ್ಯಾಹ್ನ ಪಾವಗಡದಿಂದ ಬಂದು ಬಂಕ್‌ನಲ್ಲಿ ಗಾಳಿ ನೋಡಿ "ಜಾಸ್ತಿ ಇದೆ" ಎಂದು ಇಳಿಸಿದರೆ, ಮಾರನೇ ಬೆಳಿಗ್ಗೆ ಅದು ಕಮ್ಮಿಯಾಗಿ ಕೂತಿರುತ್ತದೆ.

ಎಷ್ಟು ಹಾಕಬೇಕು ಅನ್ನುವುದು ಡ್ರೈವರ್ ಬಾಗಿಲು ತೆಗೆದರೆ ಪಕ್ಕದ ಕಂಬದ ಸ್ಟಿಕ್ಕರ್‌ನಲ್ಲಿ ಇರುತ್ತದೆ. ಟೈರ್ ಪಕ್ಕೆಯ ಮೇಲೆ ಬರೆದಿರುವುದು ಆ ಟೈರ್ ತಡೆಯುವ ಗರಿಷ್ಠ ಒತ್ತಡ. ಅದು ನಿಮ್ಮ ಗಾಡಿಗೆ ಹಾಕಬೇಕಾದ ಲೆಕ್ಕ ಅಲ್ಲ. ಇವೆರಡನ್ನು ಅದಲು ಬದಲು ಮಾಡಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ಪಂಚರ್ ಅಂಗಡಿ ಹುಡುಗರಲ್ಲೂ ಇದ್ದಾರೆ.

ನೈಟ್ರೋಜನ್ ಹಾಕಿಸಬೇಕಾ ಎಂದು ಕೇಳುತ್ತಾರೆ. ಸುಮ್ನೆ ಸಿಗುವ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ. ಹಾಕಿಸಿದರೆ ತಪ್ಪೇನಿಲ್ಲ. ಹಾಕಿಸಿದ್ದೀನಿ ಎಂದು ಆರು ತಿಂಗಳು ನೋಡದೆ ಬಿಡುವುದು ತಪ್ಪು.

ನಡುಕ

ಇಲ್ಲಿ ನಾನು ಜಾಸ್ತಿ ಹೊತ್ತು ನಿಲ್ಲುತ್ತೇನೆ, ಜಾಸ್ತಿ ದುಡ್ಡು ಹೋಗಿದ್ದು ಇಲ್ಲೇ.

ಮೊದಲು ಒಂದು ಗೊಂದಲ ಬಗೆಹರಿಸೋಣ. ನಮ್ಮ ಕಡೆ ಗಾಡಿಗೆ ಏನಾದರೂ "ಅಲೈನ್‌ಮೆಂಟ್ ಮಾಡ್ಸಿ" ಅನ್ನುವುದು ವಾಡಿಕೆ. ಚಕ್ರಗಳು ನೆಟ್ಟಗೆ ನಿಂತಿವೆಯಾ, ಎರಡೂ ಒಂದೇ ದಿಕ್ಕು ನೋಡುತ್ತಿವೆಯಾ ಅನ್ನುವುದು ಅಲೈನ್‌ಮೆಂಟ್. ಅದು ಕೆಟ್ಟರೆ ಗಾಡಿ ಎಳೆಯುತ್ತದೆ, ಟೈರ್ ಒಂದು ಕಡೆ ತೇಯುತ್ತದೆ. ನಡುಗುವುದಿಲ್ಲ. ಚಕ್ರದ ಸುತ್ತ ತೂಕ ಸಮ ಇದೆಯಾ ಅನ್ನುವುದು ಬ್ಯಾಲೆನ್ಸಿಂಗ್. ಅದು ಕೆಟ್ಟರೆ ನಡುಗುತ್ತದೆ, ಎಳೆಯುವುದಿಲ್ಲ. ನಾನು ನಡುಕಕ್ಕೆ ಎರಡು ಸಲ ಅಲೈನ್‌ಮೆಂಟ್ ಮಾಡಿಸಿದ್ದು ಹಲ್ಲುನೋವಿಗೆ ಕನ್ನಡಕ ಕೊಂಡಂತೆ.

ನಡುಕ ಎಲ್ಲಿ, ಯಾವಾಗ ಅನ್ನುವುದನ್ನು ಗಮನಿಸಿ. ಸ್ಟೇರಿಂಗ್ ನಡುಗಿದರೆ ಸಾಮಾನ್ಯವಾಗಿ ಮುಂದಿನ ಚಕ್ರ. ಸ್ಟೇರಿಂಗ್ ಸುಮ್ಮನಿದ್ದು ಸೀಟು, ಬೆನ್ನು ನಡುಗಿದರೆ ಹಿಂದಿನ ಚಕ್ರ. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಟೈರ್ ಅಂಗಡಿಗೆ ಹೋಗಲೇಬೇಡಿ, ಬ್ರೇಕ್ ಡಿಸ್ಕ್ ನೋಡಿಸಿ. ಬಿ.ಎಚ್. ರಸ್ತೆಯಲ್ಲಿ 20-30ರಲ್ಲಿ ಹೋಗುವಾಗಲೇ ಗಾಡಿ ಕುಂಟಿದಂತೆ ಆಡಿದರೆ ತಕ್ಷಣ ನಿಲ್ಲಿಸಿ ಟೈರ್ ನೋಡಿ. ಟೈರ್ ಒಳಗಿನ ಪದರ ಬಿಟ್ಟು ಎಲ್ಲೋ ಉಬ್ಬಿರಬಹುದು. ಅದು ಯಾವಾಗ ಬೇಕಾದರೂ ಸಿಡಿಯುತ್ತದೆ. ಸ್ಟೆಪ್ನಿ ಹಾಕಿಕೊಂಡೇ ಮನೆಗೆ ಬನ್ನಿ.

ವೇಗದ ನಡುಕ ಮಾತ್ರ ಇದ್ದರೆ, ಖರ್ಚಿಲ್ಲದ ಕೆಲಸದಿಂದ ಶುರು ಮಾಡಿ.

ಒಂದು, ಮಣ್ಣು. ಮಳೆಗಾಲದಲ್ಲಿ ಮಧುಗಿರಿ ಕಡೆಯ ಹಳ್ಳಿಗೆ ಹೋಗಿ ಕೆರೆ ಏರಿ ಮೇಲೆ, ಹೊಲದ ದಾರಿಯಲ್ಲಿ ಓಡಾಡಿ ಬಂದಿದ್ದೀರಾ? ರಿಮ್ಮಿನ ಒಳಗೆ ಕೆಂಪು ಮಣ್ಣು ಮೆತ್ತಿ, ಒಣಗಿ, ಕಲ್ಲಾಗಿರುತ್ತದೆ. ಹೊರಗಿನಿಂದ ಕಾಣುವುದಿಲ್ಲ. ನನ್ನ ಗಾಡಿಯ 14 ಇಂಚಿನ ಚಕ್ರ 90ರ ವೇಗದಲ್ಲಿ ಸೆಕೆಂಡಿಗೆ ಸುಮಾರು 13 ಸುತ್ತು ತಿರುಗುತ್ತದೆ. ಲೆಕ್ಕ ಹಾಕಿ ನೋಡಿದೆ. ರಿಮ್ಮಿನ ಅಂಚಲ್ಲಿ ಬರೀ 20 ಗ್ರಾಂ ಹೆಚ್ಚಿದ್ದರೂ ಆ ವೇಗದಲ್ಲಿ ಅದು ಎರಡು ಕೆಜಿಗಿಂತ ಜಾಸ್ತಿ ಜೋರಿನಲ್ಲಿ ಹೊರಕ್ಕೆ ಜಗ್ಗುತ್ತದೆ, ಅದೂ ಸೆಕೆಂಡಿಗೆ ಹದಿಮೂರು ಸಲ. ಒಂದು ಮುಷ್ಟಿ ಮಣ್ಣು 20 ಗ್ರಾಂಗಿಂತ ಎಷ್ಟು ಜಾಸ್ತಿ ಅನ್ನೋದನ್ನು ನೀವೇ ಅಂದಾಜು ಮಾಡಿ. ನೀರು ಬಿಟ್ಟು ಒಳಗಿನಿಂದ ತೊಳೆದು ಓಡಿಸಿ ನೋಡಿ. ಎಷ್ಟೋ ಗಾಡಿಗಳ ಕಾಯಿಲೆ ಇಷ್ಟರಲ್ಲೇ ಮುಗಿಯುತ್ತದೆ.

ಎರಡು, ಬಿದ್ದುಹೋದ ತೂಕ. ಬ್ಯಾಲೆನ್ಸ್ ಮಾಡುವಾಗ ರಿಮ್ಮಿಗೆ ಸಣ್ಣ ತೂಕದ ತುಂಡು ಬಡಿದಿರುತ್ತಾರೆ ಅಥವಾ ಅಂಟಿಸಿರುತ್ತಾರೆ. ಅದು ಕಳಚಿಕೊಂಡಿದ್ದರೆ ಆ ಜಾಗದಲ್ಲಿ ಮಾತ್ರ ಧೂಳಿಲ್ಲದ ಒಂದು ಚೊಕ್ಕ ಗುರುತು ಉಳಿದಿರುತ್ತದೆ. ಗೋಡೆ ಮೇಲಿನ ಹಳೇ ಕ್ಯಾಲೆಂಡರ್ ತೆಗೆದಾಗ ಕಾಣುತ್ತಲ್ಲ, ಹಾಗೆ.

ಮೂರು, ಚಕ್ರ ಕೂತಿರುವ ರೀತಿ. ಇತ್ತೀಚೆಗೆ ಪಂಚರ್ ಹಾಕಿಸಿದ ಮೇಲೆ ನಡುಕ ಶುರುವಾಯಿತಾ? ಚಕ್ರ ಕೂರುವ ಹಬ್ ಮೇಲೆ ತುಕ್ಕು, ಮಣ್ಣು ಇದ್ದು ಚಕ್ರ ಓರೆಯಾಗಿ ಕೂತಿರಬಹುದು. ಬಿಚ್ಚಿ, ಒರೆಸಿ, ನಟ್‌ಗಳನ್ನು ಎದುರು ಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ವರಸೆಯಾಗಿ ಒಂದರ ಪಕ್ಕ ಒಂದು ಬಿಗಿ ಮಾಡಿದರೆ ಓರೆಯಾಗುತ್ತದೆ.

ಇಷ್ಟಾದರೂ ಹೋಗದಿದ್ದರೆ ಯಾವ ಚಕ್ರ ಎಂದು ಹಿಡಿಯಬೇಕು. ಮುಂದಿನ ಎರಡನ್ನೂ ಹಿಂದಕ್ಕೆ, ಹಿಂದಿನ ಎರಡನ್ನೂ ಮುಂದಕ್ಕೆ ಹಾಕಿ, ಅದೇ ರಸ್ತೆ, ಅದೇ ವೇಗ. ನಡುಕ ಸ್ಟೇರಿಂಗ್ ಬಿಟ್ಟು ಸೀಟಿಗೆ ಬಂತು ಅಂದರೆ ದೋಷ ಆ ಎರಡು ಚಕ್ರಗಳಲ್ಲಿದೆ. ನಡುಕ ಸ್ಟೇರಿಂಗ್‌ನಲ್ಲೇ ಇದ್ದರೆ ಚಕ್ರದ್ದಲ್ಲ. ಆ್ಯಕ್ಸಲ್, ಬುಷ್, ಬಾಲ್ ಜಾಯಿಂಟ್ ಕಡೆ ಮೆಕ್ಯಾನಿಕ್ ನೋಡಬೇಕು. ಚಕ್ರದ್ದೇ ಎಂದಾದರೆ ಸ್ಟೆಪ್ನಿಯನ್ನು ಒಂದೊಂದರ ಜಾಗಕ್ಕೆ ಹಾಕಿ ನೋಡಿ. ಸ್ಟೆಪ್ನಿ ಉಳಿದ ನಾಲ್ಕರ ಸೈಜಿನದ್ದೇ ಆಗಿದ್ದರೆ ಮಾತ್ರ ಇದನ್ನು ಮಾಡಿ. ಕೆಲವು ಗಾಡಿಗಳಿಗೆ ಸಣ್ಣ ಸ್ಟೆಪ್ನಿ ಕೊಟ್ಟಿರುತ್ತಾರೆ, ಅದರಲ್ಲಿ ವೇಗದ ಪರೀಕ್ಷೆ ಮಾಡಬಾರದು.

ಒಂದು ಜಾಕ್, ಒಂದು ಪಾನ, ಒಂದು ಭಾನುವಾರ. ನನ್ನ ಗಾಡಿಯದ್ದು ಹೀಗೇ ಸಿಕ್ಕಿತು. ಸ್ಟೆಪ್ನಿಯನ್ನು ಎಡ ಮುಂದಕ್ಕೆ ಹಾಕಿದ ದಿನ 90ರಲ್ಲಿ ಸ್ಟೇರಿಂಗ್ ಕಲ್ಲಿನಂತೆ ನಿಂತಿತ್ತು.

ಬಿಚ್ಚಿದ ಆ ಚಕ್ರವನ್ನು ಯಜಮಾನರ ಅಂಗಡಿಗೆ ಒಯ್ದೆ. ಅವರು ಅದನ್ನು ಬ್ಯಾಲೆನ್ಸಿಂಗ್ ಮೆಷಿನ್ನಿಗೆ ಹಾಕಿ ತಿರುಗಿಸಿದರು, ಆದರೆ ಪರದೆ ನೋಡಲಿಲ್ಲ. ಒಂದು ಸೀಮೆಸುಣ್ಣವನ್ನು ರಿಮ್ಮಿನ ಒಳ ಅಂಚಿಗೆ ಕೂದಲೆಳೆ ದೂರದಲ್ಲಿ ಹಿಡಿದು, ಕೈಯನ್ನು ಮೆಷಿನ್ನಿಗೆ ಒತ್ತಿ, ಚಕ್ರವನ್ನು ನಿಧಾನಕ್ಕೆ ಕೈಯಲ್ಲೇ ಉರುಳಿಸಿದರು. ನೆಟ್ಟಗಿರುವ ರಿಮ್ಮಾದರೆ ಎಲ್ಲೂ ತಾಗಬಾರದು, ಇಲ್ಲ ಸುತ್ತಲೂ ತಾಗಬೇಕು. ಇಲ್ಲಿ ಒಂದೇ ಕಡೆ, ನಾಲ್ಕು ಬೆರಳಗಲ, ಬಿಳಿ ಗೆರೆ ಬಿತ್ತು. "ನೋಡಿ ಸಾರ್, ಗುಂಡಿ ಇಲ್ಲಿದೆ." ಹೆದ್ದಾರಿ ಆರು ಪಥ ಮಾಡುವ ಕೆಲಸದಲ್ಲಿ ಸರ್ವಿಸ್ ರೋಡಿಗೆ ಇಳಿಸಿದ್ದರಲ್ಲ, ಅಲ್ಲಿ ಒಂದು ರಾತ್ರಿ ಢಬ್ ಎಂದು ಬಿದ್ದದ್ದು ಆಗ ನೆನಪಾಯಿತು. ಟೈರ್‌ಗೆ ಏನೂ ಆಗಿಲ್ಲವಲ್ಲ ಎಂದು ಸಮಾಧಾನ ಪಟ್ಟುಕೊಂಡಿದ್ದೆ.

ಹಾಗಾದರೆ ಮೊದಲ ಅಂಗಡಿಯವರು ಬ್ಯಾಲೆನ್ಸ್ ಮಾಡಿದಾಗ ಯಾಕೆ ಸಿಗಲಿಲ್ಲ? ಮೆಷಿನ್ ಅಳೆಯುವುದು ತೂಕವನ್ನು. ಬಗ್ಗಿದ ರಿಮ್ಮಿಗೂ ಅಲ್ಲೊಂದು ಇಲ್ಲೊಂದು ತುಂಡು ಬಡಿದರೆ ಪರದೆ ಮೇಲೆ ಎರಡೂ ಕಡೆ ಸೊನ್ನೆ ಬರುತ್ತದೆ. ತೂಕ ಸಮ ಆಯಿತು, ಆದರೆ ಚಕ್ರ ಗುಂಡಗಿಲ್ಲ. ರಸ್ತೆಗೆ ಬೇಕಾಗಿರುವುದು ಎರಡೂ. ಸೊನ್ನೆ ನೋಡಿ ಖುಷಿಪಡುವವರು ಬಹಳ, ಚಕ್ರ ನೋಡುವವರು ಕಮ್ಮಿ.

ನನ್ನದು ಉಕ್ಕಿನ ರಿಮ್ಮು. ಸ್ವಲ್ಪ ಬಗ್ಗಿದ್ದನ್ನು ಪ್ರೆಸ್ ಕೊಟ್ಟು ನೇರ ಮಾಡುತ್ತಾರೆ, ಆದರೆ ಬೇರೆ ರಿಮ್ಮೇ ಹಾಕಿಸಿದೆ. ಅಲಾಯ್ ರಿಮ್ಮಾದರೆ ಬಡಿದು ನೇರ ಮಾಡಿಸುವ ಮೊದಲು ಹತ್ತು ಸಲ ಯೋಚಿಸಿ, ಬಿರುಕು ಬಿಡುವ ಭಯ ಇದೆ.

ಎಳೆತ

ಸ್ಟೇರಿಂಗ್ ಹಗುರಾಗಿ ಹಿಡಿದರೆ ಗಾಡಿ ಒಂದು ಕಡೆ ಹೋಗುತ್ತದೆ ಅನ್ನುವುದು ದೂರು. ಸಣ್ಣ ಎಡ ಎಳೆತ ಆದರೆ ಗಾಬರಿ ಬೇಡ. ನೀರು ಹರಿಯಲೆಂದು ರಸ್ತೆಯನ್ನೇ ಅಂಚಿನ ಕಡೆಗೆ ಇಳಿಜಾರು ಮಾಡಿರುತ್ತಾರೆ. ಗುಬ್ಬಿ ರಸ್ತೆಯಲ್ಲಿ ಎಡಕ್ಕೆ ಎಳೆದದ್ದು ರಿಂಗ್ ರೋಡಿನಲ್ಲೂ ಅಷ್ಟೇ ಎಳೆಯುತ್ತದಾ ನೋಡಿ. ಎಲ್ಲ ಕಡೆ ಒಂದೇ ತರ ಎಳೆದರೆ ಮಾತ್ರ ಗಾಡಿಯದ್ದು.

ಗಾಳಿ ಸರಿ ಇದೆ ಅಂತಾದರೆ ಮುಂದಿನ ಎಡ, ಬಲ ಚಕ್ರ ಅದಲು ಬದಲು ಮಾಡಿ. ಬಲಕ್ಕೆ ಎಳೆಯುತ್ತಿದ್ದದ್ದು ಎಡಕ್ಕೆ ಎಳೆಯತೊಡಗಿದರೆ ದೋಷ ಟೈರಿನದ್ದೇ. ಮೊದಲಿನಂತೆಯೇ ಎಳೆದರೆ ಅಲೈನ್‌ಮೆಂಟ್ ಅಥವಾ ಬ್ರೇಕ್. ಟೈರ್ ಪಕ್ಕೆಯಲ್ಲಿ ತಿರುಗುವ ದಿಕ್ಕಿನ ಬಾಣದ ಗುರುತಿದ್ದರೆ ಈ ಅದಲು ಬದಲು ಬೇಡ, ಅಂಥವು ಒಂದೇ ಬದಿಯಲ್ಲಿ ಓಡಬೇಕು.

ಬ್ರೇಕ್ ಹಿಡಿದುಕೊಂಡಿದೆಯಾ ಎಂದು ತಿಳಿಯಲು ಹತ್ತು ಕಿಲೋಮೀಟರ್ ಓಡಿಸಿ ಇಳಿದು, ಚಕ್ರದ ಹತ್ತಿರ ಅಂಗೈ ತನ್ನಿ. ಮುಟ್ಟಬೇಡಿ, ಹತ್ತಿರ ಅಷ್ಟೇ. ಒಂದು ಚಕ್ರ ಮಾತ್ರ ಬಿಸಿ ಕಾರುತ್ತಿದ್ದರೆ ಬ್ರೇಕ್ ಬಿಡುತ್ತಿಲ್ಲ. ಅಲೈನ್‌ಮೆಂಟ್‌ಗೆ ಕೊಡುವ ದುಡ್ಡನ್ನು ಅಲ್ಲಿಗೆ ಕೊಡಿ.

ಗಾಳಿ ಇಳಿಯುವುದು

ತಿಂಗಳಿಗೆ ಒಂದೆರಡು ಪಿಎಸ್‌ಐ ಇಳಿದರೆ ಅದು ದೋಷ ಅಲ್ಲ. ವಾರಕ್ಕೆ ಐದು ಇಳಿದರೆ ಹುಡುಕಬೇಕು. ಸೋಪು ನೀರು ಮಾಡಿಕೊಂಡು ಮೊದಲು ಗಾಳಿ ತುಂಬುವ ವಾಲ್ ಬಾಯಿಗೆ, ಆಮೇಲೆ ವಾಲ್ ಬುಡಕ್ಕೆ, ಆಮೇಲೆ ಗ್ರಿಪ್ ಮೇಲೆ, ಕೊನೆಗೆ ರಿಮ್ಮು ಟೈರ್ ಕೂಡುವ ಅಂಚಿಗೆ ಸವರಿ. ವಾಲ್ ಬಾಯಲ್ಲಿ ಗುಳ್ಳೆ ಬಂದರೆ ಒಳಗಿನ ಪಿನ್ ಬದಲಿಸಿದರೆ ಆಯಿತು, ಅತಿ ಅಗ್ಗದ ರಿಪೇರಿ ಅದೇ. ಅಂಚಲ್ಲಿ ಸಾಸಿವೆ ಕಾಳಿನಂಥ ಗುಳ್ಳೆ ನಿಧಾನಕ್ಕೆ ಏಳುತ್ತಿದ್ದರೆ ರಿಮ್ಮು ತುಕ್ಕು ಹಿಡಿದಿದೆ ಅಥವಾ ಬಗ್ಗಿದೆ. ಟೈರ್ ಬಿಚ್ಚಿ ಅಂಚು ಉಜ್ಜಿ ಕೂರಿಸಬೇಕು.

ಮೊಳೆ ಸಿಕ್ಕರೆ ಎಲ್ಲಿ ಸಿಕ್ಕಿದೆ ಅನ್ನುವುದೇ ಮುಖ್ಯ. ನೆಲಕ್ಕೆ ತಾಗುವ ಪಟ್ಟಿಯ ಮಧ್ಯಭಾಗದಲ್ಲಾದರೆ ರಿಪೇರಿ ಆಗುತ್ತದೆ. ಹೊರಗಿನಿಂದ ಹಗ್ಗ ಚುಚ್ಚುವುದು ದಾರಿಗೆ ಸಾಕು. ಟೈರ್ ಬಿಚ್ಚಿ ಒಳಗಿನಿಂದ ಅಣಬೆ ಪ್ಯಾಚ್ ಹಾಕಿಸುವುದು ಗಟ್ಟಿ. ಪಕ್ಕೆಯಲ್ಲಿ ತೂತಾದರೆ ರಿಪೇರಿ ಅನ್ನುವ ಮಾತೇ ಇಲ್ಲ. ಅಲ್ಲಿ ಟೈರ್ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿಕೊಳ್ಳುತ್ತಿರುತ್ತದೆ, ಯಾವ ಪ್ಯಾಚೂ ನಿಲ್ಲದು. "ಆಗುತ್ತೆ ಬನ್ನಿ ಸಾರ್" ಅನ್ನುವವರಿಗೆ ನಮಸ್ಕಾರ ಹೇಳಿ ಹೊರಡಿ.

ಸದ್ದು

ಇದು ಬೇಗ ಮುಗಿಯುತ್ತದೆ. ಹೂಂ ಎಂಬ ಸದ್ದು ವೇಗದ ಜೊತೆ ಏರುತ್ತಿದೆ. ಟಾರು ಬಿಟ್ಟು ಕಾಂಕ್ರೀಟ್ ರಸ್ತೆಗೆ ಬಂದಾಗ ಬದಲಾದರೆ ಟೈರ್. ರಸ್ತೆ ಬದಲಾದರೂ ಹಾಗೇ ಇದ್ದು, ದೊಡ್ಡ ತಿರುವಲ್ಲಿ ಜಾಸ್ತಿ ಕಮ್ಮಿ ಆದರೆ ಚಕ್ರದ ಬೇರಿಂಗ್. ಬಲಕ್ಕೆ ತಿರುಗಿದಾಗ ಜೋರಾದರೆ ಸಾಮಾನ್ಯವಾಗಿ ಎಡದ ಬೇರಿಂಗ್, ಭಾರ ಆ ಕಡೆ ಬೀಳುವುದರಿಂದ.

ಹಳೇ ಟೈರ್ ಓದುವುದು

ಮಧ್ಯ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ ಇಟ್ಟು ಓಡಿಸಿದ್ದೀರಿ. ಎರಡೂ ಅಂಚು ಸವೆದು ಮಧ್ಯ ಚೆನ್ನಾಗಿದ್ದರೆ ಗಾಳಿ ಕಮ್ಮಿ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್. ಇದರಲ್ಲೂ ಒಳ ಅಂಚು ಮೋಸ ಮಾಡುತ್ತದೆ. ನಿಂತು ನೋಡಿದರೆ ಟೈರ್ ಹೊಸದರಂತೆ ಕಾಣುತ್ತದೆ, ಸ್ಟೇರಿಂಗ್ ಪೂರ್ತಿ ತಿರುಗಿಸಿ ಬಗ್ಗಿ ನೋಡಿದರೆ ಒಳಗೆ ತಂತಿ ಹೊರಬಂದಿರುತ್ತದೆ.

ಕಣ್ಣಿಗಿಂತ ಅಂಗೈ ವಾಸಿ. ಗ್ರಿಪ್ ಮೇಲೆ ಹೊರಗಿನಿಂದ ಒಳಕ್ಕೆ, ಆಮೇಲೆ ಒಳಗಿನಿಂದ ಹೊರಕ್ಕೆ ಸವರಿ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ತರಚಿದಂತೆ, ಜೋಳದ ಗರಿ ಸವರಿದ ಹಾಗೆ ಅನ್ನಿಸಿದರೆ ಚಕ್ರ ನೇರ ಓಡುತ್ತಿಲ್ಲ, ಓರೆಯಾಗಿ ಉಜ್ಜಿಕೊಂಡು ಹೋಗುತ್ತಿದೆ. ಆದರೆ ತಂತಿ ಕಂಡಿರುವ ಟೈರ್ ಮೇಲೆ ಕೈ ಆಡಿಸಬೇಡಿ, ಕೊಯ್ಯುತ್ತದೆ. ಸುತ್ತಲೂ ಅಲ್ಲಲ್ಲಿ ಬಟ್ಟಲಿನಂತೆ ತಗ್ಗುಗಳಿದ್ದರೆ ಶಾಕ್ ಅಬ್ಸಾರ್ಬರ್ ಸತ್ತಿದೆ, ಚಕ್ರ ಕುಣಿಯುತ್ತಾ ಓಡಿದೆ.

ಇವೆಲ್ಲ ಇದ್ದಾಗ ಮೊದಲು ಮೂಲ ಸರಿ ಮಾಡಿಸಿ. ಸತ್ತ ಶಾಕ್ ಅಬ್ಸಾರ್ಬರ್ ಮೇಲೆ ಹೊಸ ಟೈರ್ ಹಾಕಿಸುವುದು ಸೋರುವ ಮಾಡಿನ ಕೆಳಗೆ ಸುಣ್ಣ ಬಳಿದಂತೆ.

ಬದಲಿಸಲೇಬೇಕು ಅಂದಾಗ

ಗ್ರಿಪ್ ಗೆರೆಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬಗಳಿರುತ್ತವೆ. ಅವುಗಳ ಎತ್ತರ 1.6 ಮಿಲಿಮೀಟರ್. ಸುತ್ತಲಿನ ರಬ್ಬರ್ ಸವೆದು ದಿಬ್ಬದ ಮಟ್ಟಕ್ಕೆ ಬಂದರೆ ಟೈರ್ ಮುಗಿಯಿತು. ಮಳೆಗಾಲಕ್ಕೆ ಮೊದಲು ಅಷ್ಟಕ್ಕೆ ಬರುವವರೆಗೂ ಕಾಯಬೇಡಿ ಅನ್ನುವುದು ನನ್ನ ಅಭಿಪ್ರಾಯ. ಹೊಸ ಟೈರಲ್ಲಿ ಏಳೆಂಟು ಮಿಲಿಮೀಟರ್ ಇರುತ್ತದೆ, ಮೂರಕ್ಕೆ ಬಂದಾಗಲೇ ನೀರಿನ ಮೇಲೆ ಗಾಡಿ ತೇಲಿದಂತಾಗುವುದು ಗೊತ್ತಾಗುತ್ತದೆ. ದೇವರಾಯನದುರ್ಗದ ತಿರುವುಗಳಲ್ಲಿ ಮಳೆ ಹನಿಯುವಾಗ ಇಳಿದು ನೋಡಿದವರಿಗೆ ವಿವರಿಸಬೇಕಿಲ್ಲ.

ಪಕ್ಕೆಯಲ್ಲಿ ಉಬ್ಬು, ತಂತಿ ಕಾಣುವುದು, ಆಳದ ಸೀಳು, ಇವಕ್ಕೆ ಗ್ರಿಪ್ ಎಷ್ಟಿದ್ದರೂ ಲೆಕ್ಕವಿಲ್ಲ. ವಯಸ್ಸೂ ನೋಡಿ. ಪಕ್ಕೆಯಲ್ಲಿ ಡಿಒಟಿ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 3523 ಅಂದರೆ 2023ರ 35ನೇ ವಾರ. ಐದು ವರ್ಷ ದಾಟಿದ ಮೇಲೆ ಪ್ರತಿ ವರ್ಷ ತೋರಿಸಿ. ಹತ್ತು ವರ್ಷ ಆದ ಮೇಲೆ ಓಡಿಸಬೇಡಿ ಎಂದು ಹಲವು ತಯಾರಕರೇ ಹೇಳುತ್ತಾರೆ. ಮನೆ ಮುಂದೆ ಬಿಸಿಲಲ್ಲಿ ನಿಂತೇ ಇರುವ ಗಾಡಿಯ ಟೈರ್ ಕಮ್ಮಿ ಓಡಿದ್ದರೂ ಬಿರುಕು ಬಿಡುತ್ತದೆ. ಸ್ಟೆಪ್ನಿಯ ವಯಸ್ಸು ಯಾರೂ ನೋಡುವುದಿಲ್ಲ, ನೋಡಿ.

ಸೈಜಿನ ವಿಷಯ. ನನ್ನ ಟೈರ್ ಮೇಲೆ 165/80 ಆರ್ 14 85 ಟಿ ಎಂದಿದೆ. 165 ಮಿಲಿಮೀಟರ್ ಅಗಲ, ಪಕ್ಕೆಯ ಎತ್ತರ ಅದರ ಶೇ 80, 14 ಇಂಚಿನ ರಿಮ್ಮು. 85 ಅಂದರೆ ಒಂದು ಟೈರ್ 515 ಕೆಜಿ ಹೊರುತ್ತದೆ. ಟಿ ಅಂದರೆ ಗಂಟೆಗೆ 190 ಕಿಲೋಮೀಟರ್ ವೇಗದವರೆಗೆ. ಕೊನೆಯ ಈ ಎರಡನ್ನು ಅಂಗಡಿಯವರು ಹೇಳುವುದೇ ಕಮ್ಮಿ. ಅಗಲದ ಟೈರ್ ಹಾಕಿ ಗಾಡಿ ಚೆಂದ ಮಾಡುವ ಆಸೆಗೆ ಭಾರದ ಅಂಕಿ ಕಮ್ಮಿ ಇರುವುದನ್ನು ಮಾತ್ರ ತರಬೇಡಿ. ಒಟ್ಟು ಎತ್ತರ ಶೇ 3ಕ್ಕಿಂತ ಆಚೀಚೆ ಆದರೆ ಸ್ಪೀಡೋಮೀಟರ್ ಸುಳ್ಳು ಹೇಳತೊಡಗುತ್ತದೆ.

ನಮ್ಮ ದೇಶದಲ್ಲಿ ಮಾರುವ ಕಾರಿನ ಟೈರಿಗೆ ಐಎಸ್‌ಐ ಗುರುತು ಕಡ್ಡಾಯ. ಅದು ಕಾಣದಿದ್ದರೆ ಎಷ್ಟೇ ಅಗ್ಗವಾದರೂ ಬೇಡ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಟೈರ್ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದೂ ಸರಿ ಇದೆಯಾ ನೋಡಿಕೊಳ್ಳಿ.

ಎರಡೇ ಹೊಸ ಟೈರ್ ತಗೊಂಡರೆ ಎಲ್ಲಿಗೆ? ಎಲ್ಲರೂ ಮುಂದಕ್ಕೆ ಅನ್ನುತ್ತಾರೆ, ನಾನೂ ಹಾಗೇ ಹಾಕಿಸಿದ್ದೆ. ಹಿಂದಕ್ಕೆ ಹಾಕಬೇಕು. ಎಂಜಿನ್ ಮುಂದಿನ ಚಕ್ರ ತಿರುಗಿಸುವ ಗಾಡಿಗೂ ಅಷ್ಟೇ. ಒದ್ದೆ ರಸ್ತೆಯಲ್ಲಿ ಮುಂದಿನದು ಜಾರಿದರೆ ಗಾಡಿ ನೇರ ಹೋಗುತ್ತದೆ, ಆ್ಯಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ ಮತ್ತೆ ಹಿಡಿತ ಸಿಗುತ್ತದೆ. ಹಿಂದಿನದು ಜಾರಿದರೆ ಗಾಡಿಯ ಹಿಂಬದಿ ತಿರುಗಿ ಮುಂದಕ್ಕೆ ಬರುತ್ತದೆ. ಅದನ್ನು ತಡೆಯುವಷ್ಟು ಕೈಚಳಕ ನನಗಂತೂ ಇಲ್ಲ.

ಅಂಗಡಿ

ಬೆಂಗಳೂರಿಗೆ 70 ಕಿಲೋಮೀಟರ್. "ಜೆ.ಸಿ. ರೋಡಲ್ಲಿ ತಗೋ, ಕಮ್ಮಿ ಬೀಳುತ್ತೆ" ಎಂದು ಒಬ್ಬರಾದರೂ ಹೇಳಿಯೇ ಹೇಳುತ್ತಾರೆ. ಕಮ್ಮಿ ಬೀಳಬಹುದು. ಆದರೆ ವಾರದ ಮೇಲೆ ತೂಕದ ತುಂಡು ಬಿದ್ದು ನಡುಗಿದರೆ ಮತ್ತೆ ಅಲ್ಲಿಗೆ ಹೋಗುತ್ತೀರಾ? ಟೈರ್ ಅನ್ನುವುದು ಒಂದು ಸಲ ಕೊಂಡು ಮುಗಿಸುವ ಸಾಮಾನಲ್ಲ. 8-10 ಸಾವಿರ ಕಿಲೋಮೀಟರಿಗೊಮ್ಮೆ ಹಿಂದೆ ಮುಂದೆ ಬದಲಿಸಬೇಕು, ಅಲೈನ್‌ಮೆಂಟ್ ನೋಡಬೇಕು. ಅದಕ್ಕೆಲ್ಲ ನಡೆದು ಹೋಗುವಷ್ಟು ದೂರದಲ್ಲಿ ಒಬ್ಬರು ಬೇಕು. ಆ ಲೆಕ್ಕದಲ್ಲಿ ಬಟವಾಡಿಯಲ್ಲೋ ಶಿರಾ ಗೇಟಲ್ಲೋ ಗುಬ್ಬಿ ಗೇಟಲ್ಲೋ, ನಿಮ್ಮ ಮನೆಗೆ ಹತ್ತಿರದವರೇ ಆಗಬಹುದು, ಕೆಲಸ ಗೊತ್ತಿದ್ದರೆ.

ಗೊತ್ತಿದೆಯಾ ಎಂದು ತಿಳಿಯಲು ಟೈರ್ ಕೊಳ್ಳುವ ಮೊದಲೇ ಒಂದು ಸಲ ಹೋಗಿ. ಬರೀ ಬ್ಯಾಲೆನ್ಸಿಂಗ್ ಮಾಡಿಸಿ ನಿಂತು ನೋಡಿ. ಚಕ್ರ ಮೆಷಿನ್ನಿಗೆ ಹಾಕುವ ಮೊದಲು ಹಳೇ ತೂಕ ಕಿತ್ತು, ಮಣ್ಣು ತೆಗೆಯುತ್ತಾರಾ? ತೂಕ ಹಾಕಿದ ಮೇಲೆ ಇನ್ನೊಂದು ಸಲ ತಿರುಗಿಸಿ ಸೊನ್ನೆ ಬಂತಾ ನೋಡುತ್ತಾರಾ, ಇಲ್ಲಾ "ಆಯ್ತು ಸಾರ್" ಎಂದು ಇಳಿಸುತ್ತಾರಾ? ಅನುಮಾನ ಬಂದರೆ ಒಂದು ಕಿವಿಮಾತು. ಈಗಷ್ಟೇ ಸೊನ್ನೆ ಬಂದ ಅದೇ ಚಕ್ರವನ್ನು ಬಿಚ್ಚಿ, ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರಿಸಿ ನೋಡಲು ಕೇಳಿ. ಆಗ 20, 30 ಗ್ರಾಂ ತೋರಿಸಿದರೆ ಚಕ್ರ ಮೆಷಿನ್ ಮೇಲೆ ಸರಿಯಾಗಿ ಕೂತೇ ಇಲ್ಲ, ಅಥವಾ ಮೆಷಿನ್ನೇ ತಪ್ಪಿದೆ.

ಅಲೈನ್‌ಮೆಂಟ್‌ಗೆ ಮುಂಚೆ ಗಾಳಿ ನೋಡದೆ ಕ್ಯಾಮೆರಾ ಕಟ್ಟಲು ಬಂದವರು ನನ್ನ ಮಟ್ಟಿಗೆ ಅಲ್ಲೇ ಫೇಲು. ಮುಂಚಿನದು, ಆಮೇಲಿನದು ಎರಡೂ ಅಂಕಿ ಇರುವ ಪ್ರಿಂಟ್ ಕೇಳಿ. ಕೊಡಲು ಹಿಂದೆ ಮುಂದೆ ನೋಡಿದರೆ ಅರ್ಥ ಮಾಡಿಕೊಳ್ಳಿ. ಸಣ್ಣ ಕಾರುಗಳಲ್ಲಿ ಬಹಳಷ್ಟಕ್ಕೆ ಮುಂದಿನ ಚಕ್ರದ ದಿಕ್ಕು ಮಾತ್ರ ಸರಿಪಡಿಸಲು ಬರುತ್ತದೆ. ಆದ್ದರಿಂದ ಹಿಂದಿನ ಚಕ್ರದ ಅಂಕಿ ಕೆಂಪಾಗಿದ್ದರೆ ಸುಳ್ಳು ಹೇಳದೆ "ಇದು ಇಲ್ಲಿ ಆಗಲ್ಲ ಸಾರ್" ಅನ್ನುವವರ ಮೇಲೆ ನನಗೆ ನಂಬಿಕೆ ಜಾಸ್ತಿ.

ಟೈರ್ ಕೊಳ್ಳುವ ದಿನ ರೇಟು ಕೇಳುವಾಗ ಬಿಡಿಸಿ ಕೇಳಿ. ಟೈರ್ ಎಷ್ಟು, ಹೊಸ ವಾಲ್ ಸೇರಿದೆಯಾ, ಫಿಟ್ಟಿಂಗ್, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎಷ್ಟು, ಹಳೇದಕ್ಕೆ ಎಷ್ಟು ಕಳೆಯುತ್ತೀರಿ. ಟೈರಲ್ಲಿ ಐನೂರು ಕಮ್ಮಿ ಎಂದವರು ಫಿಟ್ಟಿಂಗಲ್ಲಿ ಅದನ್ನು ಎತ್ತಿಕೊಳ್ಳುವುದು ಹೊಸದೇನಲ್ಲ. ರಿಮ್ಮಿಗೆ ಹತ್ತಿಸುವ ಮೊದಲು ನಾಲ್ಕೂ ಟೈರಿನ ವಾರ, ವರ್ಷ ನೀವೇ ಓದಿ. ಹತ್ತಿಸಿದ ಮೇಲೆ ವಾಪಸು ತಗೊಳ್ಳುವವರು ಯಾರೂ ಇಲ್ಲ. ಬಿಲ್ಲಿನಲ್ಲಿ ಟೈರಿನ ಸೀರಿಯಲ್ ನಂಬರ್ ಬರೆಸಿ, ನಾಳೆ ವಾರಂಟಿ ಕೇಳಬೇಕಾದರೆ ಅದೇ ಆಧಾರ. ಪಕ್ಕೆಯಲ್ಲಿ ಹಳದಿ ಚುಕ್ಕೆ ಇದ್ದರೆ ಅದು ಟೈರಿನ ಹಗುರ ಜಾಗ. ಅದನ್ನು ವಾಲ್ ಪಕ್ಕದಲ್ಲೇ ಬರುವಂತೆ ಕೂರಿಸಿದರೆ ತೂಕದ ತುಂಡು ಕಮ್ಮಿ ಸಾಕು. ಹೇಳದೆಯೇ ಹಾಗೆ ಕೂರಿಸುವ ಹುಡುಗ ಸಿಕ್ಕರೆ ಅವನ ಹೆಸರು ಕೇಳಿಟ್ಟುಕೊಳ್ಳಿ.

ಹಳೇ ಟೈರ್‌ಗಳನ್ನು ಅಲ್ಲೇ ಬಿಡುವ ಮೊದಲು ನಾಲ್ಕರದ್ದೂ ಫೋಟೋ ತೆಗೆದುಕೊಳ್ಳಿ, ಯಾವುದು ಎಲ್ಲಿತ್ತು ಎಂದು ಸೀಮೆಸುಣ್ಣದಲ್ಲಿ ಬರೆದು. ನಾನು ಮಾಡದ್ದು ಇದನ್ನೇ.

ಒಂದು ಕೆಲಸ ಉಳಿಯುತ್ತದೆ. ಚಕ್ರ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿಲೋಮೀಟರ್ ಓಡಿದಾಗ ನಟ್‌ಗಳನ್ನು ಇನ್ನೊಮ್ಮೆ ಬಿಗಿ ನೋಡಬೇಕು. ಏರ್ ಗನ್ನಲ್ಲಿ ಗಿರ್ರ್ ಅನ್ನಿಸಿ ಬಿಟ್ಟಿದ್ದರಂತೂ ನೋಡಲೇಬೇಕು. ನಾನು ಬೆಂಗಳೂರಿಗೆ ಹೋಗಿ ವಾಪಸು ಬರುವಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿದೆ. ಇಡ್ಲಿ ಬೇಯುವವರೆಗೆ ಪಾನ ತೆಗೆದು ಒಂದೊಂದಾಗಿ ಒತ್ತಿ ನೋಡಿದೆ. ಎಡ ಮುಂದಿನ ಚಕ್ರದಲ್ಲಿ ಒಂದು ನಟ್ ಕಾಲು ಸುತ್ತು ತಿರುಗಿತು. ಹೆಂಡತಿ ಗಾಡಿಯೊಳಗಿಂದಲೇ "ಇನ್ನೂ ಏನಾದ್ರೂ ಇದ್ಯಾ?" ಅಂದಳು. ಇಲ್ಲ ಅಂದೆ.